ಇಂಗ್ಲಿಷಿನಲ್ಲಿ ‘ಇದು ಸರಿಯಲ್ಲ’ ಎನ್ನುವ ಬಗೆ

(ಶಾಲೆಯ ವಾರ್ಷಿಕೋತ್ಸವದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವರದಿಯನ್ನು ಕಾರ್ಯದರ್ಶಿಗಳು ಈಗಾಗಲೆ ಓದಿರುವುದರಿಂದ ಅಂಕಿ ಅಂಶಗಳಿಂದ ತಮ್ಮನ್ನು ಮತ್ತೆ ದಣಿಸುವ ಇಚ್ಛೆ ನನಗಿಲ್ಲ. ಪೋಷಕರು ನನ್ನನ್ನು ಮೇಲಿಂದ ಮೇಲೆ ಕೇಳುವ ಒಂದು ಪ್ರಶ್ನೆಯನ್ನೇ ಈ ಹೊತ್ತಿನ ಮಾತಿಗೆ ವಿಷಯವಾಗಿ ಆರಿಸಿಕೊಂಡಿದ್ದೇನೆ. “ಸಾರ್, ಕನ್ನಡದಲ್ಲಿ ಓದಿದ ನಮ್ಮ ಹುಡುಗ ನಾಳೆ ಇಂಗ್ಲಿಷಿನಲ್ಲಿ ಮಾತನಾಡಬಲ್ಲನೆ?” ಎಂಬುದೇ ಆ ಪ್ರಶ್ನೆ. ಮಾತನಾಡಬಲ್ಲನು. ವಂದನೆ ಹೇಳುವುದು, ಹೆಸರು ಊರು ತಿಳಿಸುವುದು, ದಾರಿ ಕೇಳುವುದು, ಒಪ್ಪಿಗೆ ಸೂಚಿಸುವುದು, ಇವೆಲ್ಲ ಆರು ತಿಂಗಳಲ್ಲಿ ನಾಲಗೆಗೆ ಹತ್ತುತ್ತವೆ. ಆದರೆ ನಮ್ಮ ಮಕ್ಕಳು ಎಡವುವ ಜಾಗವೊಂದುಂಟು. ಕಣ್ಣೆದುರಿಗೆ ತಪ್ಪು ನಡೆಯುತ್ತಿರುವಾಗ, ತನಗೆ ಒಪ್ಪಿಗೆಯಿಲ್ಲದ್ದನ್ನು ಯಾರಾದರೂ ಹೇಳಿದಾಗ, ‘ಇದು ಸರಿಯಲ್ಲ’ ಎಂದು ಇಂಗ್ಲಿಷಿನಲ್ಲಿ ಹೇಳಬೇಕಾಗಿ ಬಂದರೆ ಅವರು ಒಂದೋ ಬಾಯಿ ಮುಚ್ಚುತ್ತಾರೆ, ಇಲ್ಲವೆ ಎದುರಿನವರ ಮುಖಕ್ಕೆ ಹೊಡೆದ ಹಾಗೆ ಮಾತನಾಡಿಬಿಡುತ್ತಾರೆ. ಇದಕ್ಕೆ ಕಾರಣ ಮಕ್ಕಳ ಸ್ವಭಾವದಲ್ಲಿಲ್ಲ. ಎರಡು ಭಾಷೆಗಳ ಕಟ್ಟಡದಲ್ಲಿದೆ.

ನಮ್ಮ ಹೊಸೂರು, ಡೆಂಕಣಿಕೋಟೆ, ತಳಿಯ ಕಡೆಯ ಮಕ್ಕಳಿಗೆ ಭಾಷೆಗಳ ಬಡತನವಿಲ್ಲ. ಮನೆಯಲ್ಲಿ ಕನ್ನಡ, ನೆರೆಮನೆಯಲ್ಲಿ ತೆಲುಗು, ಸಂತೆಯಲ್ಲಿಯೂ ಬಸ್ಸಿನಲ್ಲಿಯೂ ತಮಿಳು. ತಮಿಳುನಾಡು ಸರ್ಕಾರದ 2006ರ ಕಾನೂನಿನ ಅನಂತರ ತಮಿಳು ನಮ್ಮ ತರಗತಿಯೊಳಕ್ಕೂ ಬಂದಿದೆ. ಈ ಮೂರು ನುಡಿಗಳೂ ಒಂದೇ ಮನೆತನದವು. ಮರ್ಯಾದೆಯನ್ನು ಇಡುವ ಜಾಗವೂ ಮೂರಕ್ಕೂ ಒಂದೇ. ನಾವು ಕಿರಿಯನಿಗೆ ‘ಹಾಗೆ ಮಾಡಬೇಡ’ ಎನ್ನುತ್ತೇವೆ. ಹಿರಿಯರಿಗಾದರೆ ‘ಹಾಗೆ ಮಾಡಬೇಡಿ’ ಎನ್ನುತ್ತೇವೆ. ಕೊನೆಯ ಒಂದು ಇಕಾರದಲ್ಲಿ ಎಷ್ಟು ಗೌರವ ಅಡಗಿದೆ ನೋಡಿ. ತಮಿಳಿನ ‘ಪಣ್ಣಾದೀಂಗ’, ತೆಲುಗಿನ ‘ಚೇಯಕಂಡಿ’ ಇವುಗಳಲ್ಲಿಯೂ ಮರ್ಯಾದೆಯೆಂಬುದು ಕ್ರಿಯಾಪದದ ಬಾಲದಲ್ಲಿಯೇ ಇದೆ. ಅದು ಸಾಲದಿದ್ದರೆ ಅಣ್ಣ, ಅಕ್ಕ, ಮಾವ, ಅಮ್ಮ ಎಂಬ ಒಂದು ಸಂಬಂಧದ ಮಾತನ್ನು ಸೇರಿಸುತ್ತೇವೆ. ‘ಹಾಗೆ ಮಾಡಬೇಡಿ ಅಣ್ಣ’ ಎಂದರೆ ಯಾವ ಅಣ್ಣನೂ ಮುನಿಯನು. ಬಾಲದಲ್ಲಿ ಗೌರವ, ಸಂಬೋಧನೆಯಲ್ಲಿ ಪ್ರೀತಿ ಇರುವುದರಿಂದ ನಡುವಿನ ಮಾತು ಎಷ್ಟು ನೇರವಾಗಿದ್ದರೂ ಸಲ್ಲುತ್ತದೆ.

ಈಗ ಇದನ್ನೇ ಇಂಗ್ಲಿಷಿಗೆ ತಿರುಗಿಸಿ. ‘ಡೋನ್ಟ್ ಡೂ ದಟ್.’ ಮಗುವಿಗೂ ಅದೇ, ಮೇಲಧಿಕಾರಿಗೂ ಅದೇ. ನಮ್ಮ ಇಕಾರ ಎಲ್ಲಿ ಹೋಯಿತು? ಅದನ್ನಿಡಲು ಆ ಕ್ರಿಯಾಪದದಲ್ಲಿ ಜಾಗವೇ ಇಲ್ಲ. ಹುಡುಗನು ಮನಸ್ಸಿನಲ್ಲಿ ‘ಮಾಡಬೇಡಿ’ ಎಂದೇ ಅಂದುಕೊಂಡಿರುತ್ತಾನೆ. ಕೇಳಿದವನ ಕಿವಿಗೆ ‘ಮಾಡಬೇಡ’ ಎಂಬುದು ಬೀಳುತ್ತದೆ.

ಇಂಗ್ಲಿಷಿನಲ್ಲಿಯೂ ಒಂದು ಕಾಲಕ್ಕೆ ನಮ್ಮ ನೀನು, ನೀವುಗಳಂತೆ ‘ದೌ’ ಮತ್ತು ‘ಯು’ ಎಂಬ ಎರಡು ಮಾತುಗಳಿದ್ದವು. 1603ರಲ್ಲಿ ಸರ್ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಸರ್ಕಾರದ ಪರವಾಗಿ ವಾದಿಸಿದ ಎಡ್ವರ್ಡ್ ಕೋಕನು ತುಂಬಿದ ನ್ಯಾಯಸ್ಥಾನದಲ್ಲಿ ಬೇಕೆಂದೇ ಅವನನ್ನು ‘ದೌ’ ಎಂದು ಕರೆದು ಅವಮಾನಿಸಿದನು. ನಮ್ಮೂರ ಪಂಚಾಯಿತಿ ಕಟ್ಟೆಯ ಮೇಲೆ ‘ಅವನು ನನಗೆ ಏಕವಚನ ಹಾಕಿದ’ ಎಂದು ದೂರು ಬರುತ್ತದಲ್ಲ, ಅದೇ ಅಪರಾಧ! ಮುಂದೆ ಆ ಏಕವಚನ ದಿನಬಳಕೆಯಿಂದ ಮರೆಯಾಯಿತು. ಇಂದು ಶಿಷ್ಟ ಇಂಗ್ಲಿಷಿನಲ್ಲಿ ಉಳಿದಿರುವುದು ‘ಯು’ ಒಂದೇ. ಹಾಗೆಂದು ಇಂಗ್ಲಿಷರು ಮರ್ಯಾದೆಯನ್ನು ಬಿಟ್ಟರೆಂದು ತಿಳಿಯಬಾರದು. ಬಾಲದಲ್ಲಿ ಜಾಗವಿಲ್ಲದುದರಿಂದ ಅದು ವಾಕ್ಯದ ಉದ್ದಕ್ಕೂ ಹರಡಿಕೊಂಡಿತು. ನಾವು ಒಂದು ಅಕ್ಷರದಲ್ಲಿ ಮುಗಿಸುವ ಕೆಲಸಕ್ಕೆ ಅವರು ನಾಲ್ಕು ಮಾತುಗಳನ್ನು ಖರ್ಚು ಮಾಡುತ್ತಾರೆ.

ವಿದ್ವಾಂಸರೂ ಈ ವಿಷಯವನ್ನು ಅಭ್ಯಾಸ ಮಾಡಿದ್ದಾರೆ. ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಎಂಬಿಬ್ಬರು 1978ರಲ್ಲಿ ಪ್ರಕಟಿಸಿ, 1987ರಲ್ಲಿ ಪುಸ್ತಕವಾಗಿ ಹೊರತಂದ ಸಂಶೋಧನೆಗೆ ಮೂರು ಭಾಷೆಗಳನ್ನು ಆರಿಸಿಕೊಂಡರು. ಒಂದು ಇಂಗ್ಲಿಷು, ಇನ್ನೊಂದು ಮೆಕ್ಸಿಕೋ ದೇಶದ ತ್ಸೆಲ್ತಾಲ್, ಮೂರನೆಯದು ನಮ್ಮ ಕೊಯಮತ್ತೂರು ಜಿಲ್ಲೆಯ ಹಳ್ಳಿಯ ತಮಿಳು. ಪ್ರತಿಯೊಬ್ಬ ಮನುಷ್ಯನಿಗೂ ನಾಲ್ಕು ಜನರ ನಡುವೆ ಕಾಪಾಡಿಕೊಳ್ಳಬೇಕಾದ ಒಂದು ‘ಮುಖ’ವಿದೆ, ಸೌಜನ್ಯವೆಂಬುದು ಆ ಮುಖವನ್ನು ಉಳಿಸುವ ಉಪಾಯ ಎಂಬುದು ಅವರ ವಾದ. ನಮಗೆ ಇದು ಹೊಸದೇನಲ್ಲ. ‘ಮುಖಭಂಗ’ ಎಂಬ ಮಾತು ಕನ್ನಡದಲ್ಲಿ ಬಹು ಹಳೆಯದು.

ಇಷ್ಟು ಪೀಠಿಕೆ ಸಾಕು. ಮಕ್ಕಳು ಆಗಲೇ ಕಾಲು ಅಲ್ಲಾಡಿಸುತ್ತಿದ್ದಾರೆ. ಉದಾಹರಣೆಗಳಿಗೆ ಬರುತ್ತೇನೆ.

ಮಕ್ಕಳೆ, ‘ಅದು ಸರಿಯಲ್ಲ ಅನ್ನಿಸುತ್ತೆ’ ಎಂದು ನಾವು ಹೇಳುತ್ತೇವೆ. ಇಲ್ಲಿ ‘ಅಲ್ಲ’ ಎಂಬ ನಿಷೇಧವು ‘ಸರಿ’ ಎಂಬುದಕ್ಕೆ ಅಂಟಿಕೊಂಡಿದೆ. ಇದನ್ನು ಪದಕ್ಕೆ ಪದವಿಟ್ಟು ‘ಐ ಥಿಂಕ್ ಇಟ್ ಈಸ್ ರಾಂಗ್’ ಎಂದರೆ ವ್ಯಾಕರಣದಲ್ಲಿ ತಪ್ಪಿಲ್ಲ, ಕಿವಿಗೆ ಮಾತ್ರ ಒರಟು. ಇಂಗ್ಲಿಷರು ಆ ನಿಷೇಧವನ್ನು ಎತ್ತಿ ‘ಅನ್ನಿಸುತ್ತೆ’ ಎಂಬುದರ ಹೆಗಲಿಗೆ ಹೊರಿಸುತ್ತಾರೆ: ‘ಐ ಡೋನ್ಟ್ ಥಿಂಕ್ ದಟ್ಸ್ ರೈಟ್.’ ಅಂದರೆ ‘ಅದು ಸರಿಯೆಂದು ನನಗೆ ಅನ್ನಿಸುವುದಿಲ್ಲ’. ಕೊರತೆ ನನ್ನ ಅನ್ನಿಸಿಕೆಯಲ್ಲಿ ಇರಬಹುದೆಂಬ ನಟನೆ! ಅರ್ಥ ಒಂದೇ, ಎದುರಿನವನ ಮುಖ ಉಳಿಯಿತು. ಇದೊಂದನ್ನೇ ಕಲಿತರೂ ಅರ್ಧ ಕೆಲಸ ಆದಂತೆ.

ಅಂತೆಯೇ, ‘ನೀವೇ ತಾನೆ ಹೇಳಿದ್ದು’ ಎಂಬ ಮಾತು. ನಮ್ಮ ಏಕಾರಕ್ಕೆ ಬದಲಾಗಿ ‘ಓನ್ಲಿ’ ಹಾಕಿ ‘ಯು ಓನ್ಲಿ ಟೋಲ್ಡ್’ ಎನ್ನುವುದು ದಕ್ಷಿಣ ದೇಶದಲ್ಲೆಲ್ಲ ರೂಢಿ. ನಮ್ಮ ನಮ್ಮೊಳಗೆ ಇದು ನಡೆಯುತ್ತದೆ. ನಾನು ಇದನ್ನು ಹಾಸ್ಯ ಮಾಡುವವನಲ್ಲ. ಆದರೆ ಹೊರಗಿನವನಿಗೆ ಅದು ಬೆರಳು ತೋರಿಸಿ ದೂಷಿಸಿದಂತೆ ಕೇಳಿಸುತ್ತದೆ. ‘ಐ ಥಾಟ್ ಯು ಸೆಡ್ ಮಂಡೆ’ ಎನ್ನಿ. ‘ತಾವು ಸೋಮವಾರ ಎಂದಿರೆಂದು ನಾನು ತಿಳಿದಿದ್ದೆ’. ಹೇಳಿದವನಿಗೆ ತನ್ನ ಮಾತು ತಾನೇ ನೆನಪಾಗುತ್ತದೆ. ನಾವು ಬೆರಳು ತೋರಿಸಬೇಕಾಗಿಯೇ ಇಲ್ಲ.

ಇನ್ನು ‘ಐ’ಮ್ ಅಫ್ರೇಡ್’. ಈ ಮಾತನ್ನು ಪಾಠದಲ್ಲಿ ಕಂಡಾಗ ‘ಸಾರ್, ಇವನಿಗೆ ಯಾಕೆ ಭಯ?’ ಎಂದು ಪ್ರತಿ ವರ್ಷವೂ ಒಂದು ಮಗು ಕೇಳುತ್ತದೆ. ಭಯವೇನೂ ಇಲ್ಲ. ‘ಐ’ಮ್ ಅಫ್ರೇಡ್ ದಿಸ್ ವೋಂಟ್ ಡೂ’ ಎಂದರೆ ‘ಕ್ಷಮಿಸಿ, ಇದು ನಡೆಯುವುದಿಲ್ಲ’ ಎಂದಷ್ಟೇ ಅರ್ಥ. ಸೀಳಿದ ಬಟ್ಟೆಯನ್ನು ಅಂಗಡಿಗೆ ಹಿಂದಿರುಗಿಸುವಾಗ, ತಪ್ಪು ಲೆಕ್ಕದ ಬಿಲ್ಲನ್ನು ಮುಂದಿಡುವಾಗ ಇದು ಬಹಳ ಉಪಯುಕ್ತವಾದ ಮಾತು.

ಎಲ್ಲವೂ ನಮಗೆ ಅಪರಿಚಿತವೆಂದು ಹೆದರಬೇಡಿ. ಎಷ್ಟೋ ಬಗೆಗಳು ನಮ್ಮ ಮನೆಯವೇ. ಮದುವೆಗೆ ಕರೆಯದ ನೆಂಟನಿಗೆ ನಿಮ್ಮ ತಾಯಿಯವರು ‘ಒಂದು ಮಾತು ಹೇಳಬಹುದಾಗಿತ್ತು’ ಎನ್ನುವುದನ್ನು ಕೇಳಿಲ್ಲವೆ? ‘ಯು ಕುಡ್ ಹ್ಯಾವ್ ಟೋಲ್ಡ್ ಮಿ’ ಎಂಬುದು ಅದರ ನೇರ ಜೋಡಿ. ‘ಬಹುದಾಗಿತ್ತು’ ಎಂಬುದಕ್ಕೆ ‘ಕುಡ್ ಹ್ಯಾವ್’. ‘ಹಾಗೆ ಮಾಡದಿದ್ದರೆ ಚೆನ್ನಾಗಿತ್ತು’ ಎಂದು ನಾವು ಭೂತಕಾಲದಲ್ಲಿ ಹೇಳುತ್ತೇವೆ, ವಿಷಯ ಈಗಿನದೇ ಆದರೂ ಸಹ. ಅವರ ‘ಐ ವಿಶ್ ಯು ವುಡನ್ಟ್’ ಎಂಬುದರಲ್ಲಿ ಇರುವುದೂ ಅದೇ ಉಪಾಯ. ಕಾಲವನ್ನು ಒಂದು ಹೆಜ್ಜೆ ಹಿಂದಕ್ಕೆ ಇಟ್ಟರೆ ಮಾತಿನ ಪೆಟ್ಟು ಒಂದು ಹೆಜ್ಜೆ ದೂರವಾಗುತ್ತದೆ. ಅಡಿಗೆ ರುಚಿಸದಿದ್ದಾಗ ನಾವು ‘ಅಷ್ಟಕ್ಕಷ್ಟೆ’ ಎನ್ನುವುದಿಲ್ಲವೆ? ‘ನಾಟ್ ವೆರಿ ಗುಡ್’ ಎಂದಾಗ ಇಂಗ್ಲಿಷನು ಹೇಳುತ್ತಿರುವುದು ಅದನ್ನೇ. ‘ಬಹಳ ಚೆನ್ನಾಗಿಲ್ಲದಿದ್ದರೂ ಸ್ವಲ್ಪ ಚೆನ್ನಾಗಿರಬಹುದು’ ಎಂದು ಭ್ರಮಿಸಬೇಡಿ, ಚೆನ್ನಾಗಿಲ್ಲವೆಂದೇ ಅರ್ಥ. ಹಣ್ಣು ಹೂವು ತಂದ ನೆಂಟರಿಗೆ ‘ಇದೆಲ್ಲ ಯಾಕೆ ತರೋದಕ್ಕೆ ಹೋದಿರಿ?’ ಎಂದು ಗದರಿಸುತ್ತೇವೆ. ಅದು ಗದರಿಕೆಯಲ್ಲವೆಂದು ಇಬ್ಬರಿಗೂ ಗೊತ್ತು. ಇಂಗ್ಲಿಷಿನಲ್ಲಿಯೂ ಉಡುಗೊರೆ ಪಡೆದವರು ‘ಓ, ಯು ಶುಡನ್ಟ್ ಹ್ಯಾವ್!’ ಎನ್ನುತ್ತಾರೆ. ಅದನ್ನು ಆಕ್ಷೇಪಣೆಯೆಂದು ತಿಳಿದು ಉಡುಗೊರೆಯನ್ನು ಹಿಂದಕ್ಕೆ ತೆಗೆದುಕೊಂಡೀರಿ, ಜೋಕೆ!

‘ಪ್ಲೀಸ್’ ಸೇರಿಸಿದರೆ ಎಲ್ಲವೂ ಮೃದುವಾಗುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಪೂರ್ತಿ ನಿಜವಲ್ಲ. ‘ಪ್ಲೀಸ್ ಡೋನ್ಟ್ ಡೂ ದಟ್’ ಎಂಬುದನ್ನು ಸ್ವರ ಇಳಿಸಿ, ಬಿಗಿಯಾಗಿ ಹೇಳಿದರೆ ಅದು ಬರಿಯ ‘ಡೋನ್ಟ್’ ಎಂಬುದಕ್ಕಿಂತಲೂ ಖಾರ. ‘ರಿಯಲಿ’ ಎಂಬ ಒಂದೇ ಮಾತು, ಸ್ವರ ಏರಿದರೆ ‘ಹೌದೆ?’ ಎಂಬ ಕುತೂಹಲ, ಇಳಿದರೆ ‘ಇದೇನು ಚಂದ!’ ಎಂಬ ಬೇಸರ. ಪುಸ್ತಕವು ಸ್ವರವನ್ನು ಕಲಿಸಲಾರದು, ಕಿವಿಯೇ ಕಲಿಯಬೇಕು. ರೇಡಿಯೋದಲ್ಲಿಯೋ ಮೊಬೈಲಿನಲ್ಲಿಯೋ ಇಂಗ್ಲಿಷ್ ವಾರ್ತೆಯನ್ನು ಕೇಳುವುದು ಒಳ್ಳೆಯದೇ, ಆದರೆ ವಾರ್ತೆ ಓದುವವರು ಯಾರೊಡನೆಯೂ ಜಗಳವಾಡುವುದಿಲ್ಲ. ಇಬ್ಬರು ಮಾತನಾಡುವುದನ್ನು ಕೇಳಬೇಕು, ನಾಟಕ ಕೇಳಬೇಕು. ನಮ್ಮ ಅಜ್ಜಂದಿರ ಕಾಲದ ಪತ್ರಲೇಖನದ ಪುಸ್ತಕಗಳಿಂದ ಬಂದ ‘ಐ ಬೆಗ್ ಟು ಸ್ಟೇಟ್’ ಮುಂತಾದುವನ್ನು ಅರ್ಜಿಗೇ ಬಿಟ್ಟುಬಿಡಿ. ‘ವಿತ್ ಡ್ಯೂ ರೆಸ್ಪೆಕ್ಟ್’ ಎಂದು ಆರಂಭವಾದ ಮಾತಿನಲ್ಲಿ ರೆಸ್ಪೆಕ್ಟ್ ಬಹಳ ಇರುವುದಿಲ್ಲವೆಂಬುದೂ ತಿಳಿದಿರಲಿ. ಆದರೆ ‘ಸರ್’, ‘ಮೇಡಂ’ ಎಂಬುವನ್ನು ಬಿಡಬೇಕೆಂದು ಯಾರಾದರೂ ಉಪದೇಶಿಸಿದರೆ ಒಪ್ಪಬೇಡಿ. ನಮ್ಮ ದೇಶದ ಇಂಗ್ಲಿಷಿನಲ್ಲಿ ಅವು ನಮ್ಮ ಇಕಾರದ ಕೆಲಸವನ್ನು ಮಾಡುತ್ತಿವೆ. ಲಂಡನ್ನಿನಲ್ಲಿ ಅಷ್ಟು ಬಳಸುವುದಿಲ್ಲವೆಂಬ ಕಾರಣಕ್ಕೆ ಹೊಸೂರಿನಲ್ಲಿ ನಾಚಬೇಕಾಗಿಲ್ಲ.

ಇದೆಲ್ಲ ಬಾಯಿಚಪಲದ ವಿಷಯವೆಂದು ಪೋಷಕರಲ್ಲಿ ಯಾರಾದರೂ ಭಾವಿಸಿದ್ದರೆ, ಅವರಿಗೆ ಒಂದು ಸಂಗತಿಯನ್ನು ಅರಿಕೆ ಮಾಡಿಕೊಳ್ಳುತ್ತೇನೆ. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ವಲಯ ಬಂದ ಮೇಲೆ ನಮ್ಮೂರಿನ ಕಾರ್ಖಾನೆಗಳಲ್ಲಿ ನಾನಾ ರಾಜ್ಯದವರು ಒಟ್ಟಿಗೆ ದುಡಿಯುತ್ತಾರೆ. ಅಲ್ಲಿ ಕನ್ನಡದ ಹುಡುಗನಿಗೂ ಉತ್ತರದ ಮೇಲ್ವಿಚಾರಕನಿಗೂ ನಡುವೆ ಇರುವುದು ಹರಕು ಮುರುಕಾದ ಇಂಗ್ಲಿಷು. ಇಲ್ಲಿಯೇ ಕಲಿತ ಒಬ್ಬ ಹುಡುಗನು ಅಂಥ ಒಂದು ಕಾರ್ಖಾನೆಗೆ ಸೇರಿದನು. ಅಳತೆಯ ಕೆಲಸದಲ್ಲಿ ಬಹಳ ಚುರುಕು. ಮೇಲ್ವಿಚಾರಕರು ಹೇಳಿದ ಅಳತೆ ನಕ್ಷೆಯಲ್ಲಿದ್ದಂತೆ ಇಲ್ಲದಿರುವುದನ್ನು ಕಂಡು ‘ಯು ಆರ್ ರಾಂಗ್, ಸರ್’ ಎಂದನು. ಅವನ ಮನಸ್ಸಿನಲ್ಲಿದ್ದುದು ‘ಇಲ್ಲೇನೋ ತಪ್ಪಾಗಿದೆ ಅನ್ನಿಸುತ್ತೆ ಸಾರ್’ ಎಂಬುದು. ಅಳತೆಯ ತಪ್ಪು ಆ ಕ್ಷಣವೇ ತಿದ್ದುಪಡಿಯಾಯಿತು. ಹುಡುಗನ ಮೇಲಣ ಸಿಟ್ಟು ಮಾತ್ರ ತಿಂಗಳಾದರೂ ಇಳಿಯಲಿಲ್ಲ. ಮುಂದೆ ಮತ್ತೊಮ್ಮೆ ತಪ್ಪು ಕಂಡಾಗ ಅವನು ಏನು ಮಾಡಿದನು ಗೊತ್ತೆ? ಸುಮ್ಮನಿದ್ದನು. ತಯಾರಾದ ಸಾಮಾನೆಲ್ಲ ತಿರಸ್ಕೃತವಾಗಿ ಮೂಲೆಗೆ ಬಿತ್ತು. ‘ನಿನಗೆ ಗೊತ್ತಿರಲಿಲ್ಲವೆ?’ ಎಂದು ಕೇಳಿದೆ. ‘ಗೊತ್ತಿತ್ತು ಸಾರ್, ಹೇಳೋದು ಹೇಗೆ ಅಂತ ಗೊತ್ತಿರಲಿಲ್ಲ’ ಎಂದನು. ‘ಸರ್, ಐ ಡೋನ್ಟ್ ಥಿಂಕ್ ದಿಸ್ ಮ್ಯಾಚಸ್ ದ ಡ್ರಾಯಿಂಗ್’ ಎಂದಿದ್ದರೆ ಸಾಕಾಗಿತ್ತು. ಆ ವಾಕ್ಯದಲ್ಲಿ ‘ಯು’ ಎಂಬುದೇ ಇಲ್ಲ. ತಪ್ಪು ಅಳತೆಯದು, ಮನುಷ್ಯನದಲ್ಲ.

ಆಳನ್ನು ಬಿಟ್ಟು ವಿಷಯವನ್ನು ಹಿಡಿಯುವ ಈ ಇಂಗ್ಲಿಷಿಗೆ ನಮ್ಮ ಹತ್ತಿರದಲ್ಲಿಯೇ ಒಂದು ಮೇಲ್ಪಂಕ್ತಿ ಇದೆ. ಚಕ್ರವರ್ತಿ ರಾಜಗೋಪಾಲಾಚಾರ್ಯರು 1878ರಲ್ಲಿ ಹುಟ್ಟಿದ್ದು ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ. ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದರು. 1942ರಲ್ಲಿ ದೇಶಕ್ಕೆ ದೇಶವೇ ‘ಕ್ವಿಟ್ ಇಂಡಿಯಾ’ ಎನ್ನುತ್ತಿದ್ದಾಗ ಅವರು ಗಾಂಧೀಜಿಯವರೊಡನೆ ಬಹಿರಂಗವಾಗಿ ಭಿನ್ನಾಭಿಪ್ರಾಯ ತಳೆದು ಕಾಂಗ್ರೆಸ್ಸಿನಿಂದ ಹೊರಗುಳಿದರು. ಆ ವೇಳೆಗೆ ಇಬ್ಬರೂ ಬೀಗರು. ರಾಜಾಜಿಯವರ ಮಗಳನ್ನು ಗಾಂಧೀಜಿಯವರ ಮಗ ದೇವದಾಸರಿಗೆ 1933ರಲ್ಲಿ ಕೊಟ್ಟಿತ್ತು. ಬೀಗತನವೂ ಕೆಡಲಿಲ್ಲ, ಸ್ನೇಹವೂ ಕೆಡಲಿಲ್ಲ. 1959ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿದ ರಾಜಾಜಿ, ಸರ್ಕಾರದ ಆರ್ಥಿಕ ನೀತಿಯನ್ನು ಟೀಕಿಸಲು ‘ಪರ್ಮಿಟ್ ಲೈಸೆನ್ಸ್ ರಾಜ್’ ಎಂಬ ಮಾತನ್ನು ಹುಟ್ಟುಹಾಕಿದರು. ಅವರ ರಾಜಕೀಯವನ್ನು ಒಪ್ಪುವುದು ಬಿಡುವುದು ಅವರವರಿಗೆ ಸೇರಿದ್ದು. ಮೂರೇ ಪದಗಳಲ್ಲಿ ಒಂದು ವ್ಯವಸ್ಥೆಯನ್ನೇ ಅಲ್ಲಗಳೆದು, ಒಬ್ಬನ ಹೆಸರನ್ನೂ ಎತ್ತದ ಆ ಮಾತನ್ನು ಮಾತ್ರ ಗಮನಿಸಿ.

ಇಷ್ಟು ಹೊತ್ತು ಮೃದುತ್ವದ ಗುಣಗಾನ ಮಾಡಿದೆ. ಇನ್ನು ಅದರ ಅಪಾಯವನ್ನು ಹೇಳದಿದ್ದರೆ ಮಕ್ಕಳಿಗೆ ಅನ್ಯಾಯ ಮಾಡಿದಂತೆ. 1982ನೆಯ ಜನವರಿ 13ರಂದು ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಹಿಮ ಸುರಿಯುತ್ತಿತ್ತು. ಏರ್ ಫ್ಲೋರಿಡಾ ಕಂಪೆನಿಯ ವಿಮಾನವೊಂದು ಹೊರಡಲು ಓಡುತ್ತಿದ್ದಾಗ ಯಂತ್ರದ ಮಾಪಕಗಳು ತೋರಿಸುತ್ತಿದ್ದ ಅಂಕೆ ಸರಿಯಿಲ್ಲವೆಂದು ಸಹಚಾಲಕನಿಗೆ ಕಂಡಿತು. ಹಿಮಗಟ್ಟಿದ ಕಾರಣ ಮಾಪಕವು ನಿಜವಾದ ಬಲಕ್ಕಿಂತ ಹೆಚ್ಚು ತೋರಿಸುತ್ತಿತ್ತು. ಸರಿಯಿಲ್ಲವೆಂದು ಅವನು ಒಂದಲ್ಲ, ಹಲವು ಸಲ ಹೇಳಿದನು. ಆದರೆ ಹೇಳಿದ್ದು ಮೆತ್ತಗೆ, ಅರ್ಧ ಪ್ರಶ್ನೆಯಂತೆ. ಮುಖ್ಯ ಚಾಲಕನು ‘ಸರಿಯಾಗಿಯೇ ಇದೆ’ ಎಂದನು. ನಿಲ್ಲಿಸಿ ಎಂಬ ಮಾತು ಸಹಚಾಲಕನ ಬಾಯಿಂದ ಬರಲಿಲ್ಲ. ವಿಮಾನವು ಮೇಲೇಳಲಾರದೆ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ಸೇತುವೆಯ ಮೇಲಿದ್ದ ನಾಲ್ವರೂ ಸೇರಿ 78 ಜನ ಸತ್ತರು. ಇಬ್ಬರು ಚಾಲಕರಿಗೂ ಇಂಗ್ಲಿಷು ಹುಟ್ಟುಭಾಷೆ ಎಂಬುದನ್ನು ನೆನಪಿಡಿ. ಇಲ್ಲಿ ಸಾಲದೆ ಹೋದದ್ದು ಭಾಷೆಯಲ್ಲ. ಇಂಥ ಅಪಘಾತಗಳ ಅನಂತರ, ಕಿರಿಯರು ಹಿರಿಯರಿಗೆ ಹೇಗೆ ಎದುರಾಡಬೇಕೆಂಬುದನ್ನೇ ವಿಮಾನ ಚಾಲಕರಿಗೆ ಪಾಠವಾಗಿ ಹೇಳಿಕೊಡುವ ಪದ್ಧತಿ ಬಲವಾಯಿತು. ಆಸ್ಪತ್ರೆಯ ದಾದಿಯರಿಗೂ ಈಗ ಅದನ್ನು ಕಲಿಸುತ್ತಾರೆ. ಅದರಲ್ಲಿ ಮೂರು ಮೆಟ್ಟಿಲು. ಮೊದಲು ‘ಐ’ಮ್ ಕನ್ಸರ್ನ್ಡ್’, ನನಗೆ ಕಳವಳವಾಗಿದೆ. ಕೇಳದಿದ್ದರೆ ‘ಐ’ಮ್ ಅನ್‌ಕಂಫರ್ಟಬಲ್’, ಇದು ನನ್ನ ಮನಸ್ಸಿಗೆ ಒಗ್ಗುತ್ತಿಲ್ಲ. ಆಗಲೂ ಕೇಳದಿದ್ದರೆ ‘ದಿಸ್ ಈಸ್ ಎ ಸೇಫ್ಟಿ ಇಷ್ಯೂ’, ಇದು ಜೀವಕ್ಕೆ ಅಪಾಯದ ವಿಷಯ. ಯಂತ್ರದಲ್ಲಿ ಒಬ್ಬನ ಕೈ ಸಿಕ್ಕುವುದರಲ್ಲಿದ್ದರೆ ಮೆಟ್ಟಿಲು ಹತ್ತುತ್ತ ಕೂರಬೇಡಿ, ‘ಸ್ಟಾಪ್!’ ಎಂದು ಕೂಗಿ.

ಹೆಣ್ಣು ಮಕ್ಕಳಿಗೆ ಒಂದು ಮಾತು. ಬಸ್ಸಿನಲ್ಲಿಯೋ ಕೆಲಸದ ಜಾಗದಲ್ಲಿಯೋ ಯಾರಾದರೂ ಅಳತೆ ಮೀರಿ ನಡೆದುಕೊಂಡರೆ, ನಾನು ಇದುವರೆಗೆ ಹೇಳಿದ ಕುಡ್, ವುಡ್, ಅಫ್ರೇಡ್ ಎಲ್ಲವನ್ನೂ ಗಂಟುಕಟ್ಟಿ ಎಸೆಯಿರಿ. ‘ನೋ’, ‘ಸ್ಟಾಪ್ ಇಟ್’ ಇಷ್ಟೇ ಸಾಕು. ನಾಲ್ಕು ಜನಕ್ಕೆ ಕೇಳುವಷ್ಟು ಗಟ್ಟಿಯಾಗಿ. ಅದೂ ನೆನಪಿಗೆ ಬಾರದಿದ್ದರೆ ಕನ್ನಡದಲ್ಲಿಯೇ ಕೂಗಿ; ನಮ್ಮ ಭಾಷೆಯ ಬೈಗುಳಕ್ಕೆ ಯಾರೂ ಅರ್ಥ ಕೇಳುವುದಿಲ್ಲ.

ತಂದೆ ತಾಯಿಗಳಲ್ಲಿ ನನ್ನದೊಂದು ವಿನಂತಿ. ಮನೆಯಲ್ಲಿ ಮಗು ‘ಅಪ್ಪಾ, ನೀವು ಹೇಳಿದ್ದು ಸರಿಯಿಲ್ಲ ಅನ್ನಿಸುತ್ತೆ’ ಎಂದಾಗ ‘ಎದುರು ಮಾತಾಡ್ತೀಯಾ?’ ಎಂದು ಗದರಿಸುವುದನ್ನು ಸ್ವಲ್ಪ ತಡೆದುಕೊಳ್ಳಿ. ಕನ್ನಡದಲ್ಲಿಯೇ ಆಕ್ಷೇಪಿಸಿ ಅಭ್ಯಾಸವಿಲ್ಲದ ಮಗು ಇಂಗ್ಲಿಷಿನಲ್ಲಿ ಎಲ್ಲಿಂದ ಆಕ್ಷೇಪಿಸೀತು? ಮಗು ಹೇಳಿದ್ದಕ್ಕೆಲ್ಲ ಒಪ್ಪಬೇಕೆಂದು ನಾನು ಹೇಳುತ್ತಿಲ್ಲ; ಅದು ಮಾತು ಮುಗಿಸುವವರೆಗೆ ಕಾಯಿರಿ ಎಂದಷ್ಟೇ ನನ್ನ ಬೇಡಿಕೆ.

ಬರುವ ಜೂನ್ ತಿಂಗಳಿನಿಂದ ಎಂಟು, ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಶುಕ್ರವಾರದ ಕೊನೆಯ ಪೀರಿಯಡನ್ನು ಈ ಅಭ್ಯಾಸಕ್ಕಾಗಿ ಮೀಸಲಿಡಲಾಗಿದೆ. ಇಬ್ಬಿಬ್ಬರು ಜೋಡಿಯಾಗಿ ನಿಲ್ಲಬೇಕು. ಒಬ್ಬನು ಅಂಗಡಿಯವನು, ಇನ್ನೊಬ್ಬನು ಚಿಲ್ಲರೆ ಕಡಿಮೆ ಬಂದ ಗಿರಾಕಿ. ಒಬ್ಬಳು ವಾರ್ಡಿನ ದಾದಿ, ಇನ್ನೊಬ್ಬಳು ತಪ್ಪು ಔಷಧಿ ಬಂದ ರೋಗಿಯ ಮಗಳು. ಒಬ್ಬನು ಮೇಲ್ವಿಚಾರಕ, ಇನ್ನೊಬ್ಬನು ನಕ್ಷೆ ಹಿಡಿದ ಹುಡುಗ. ತಿಂಗಳ ಕೊನೆಯ ಶುಕ್ರವಾರ ನಾನೇ ಮೇಲ್ವಿಚಾರಕನಾಗಿ ನಿಂತು ಬೇಕೆಂದೇ ತಪ್ಪು ಹೇಳುತ್ತೇನೆ. ಹತ್ತನೆಯ ತರಗತಿಯವರು ನನ್ನನ್ನು ಇಂಗ್ಲಿಷಿನಲ್ಲಿ ಆಕ್ಷೇಪಿಸಬೇಕು. ಕಾರ್ಖಾನೆಗಳಲ್ಲಿ, ಆಸ್ಪತ್ರೆಗಳಲ್ಲಿ, ಬ್ಯಾಂಕುಗಳಲ್ಲಿ ಕೆಲಸ ಮಾಡುವ ಪೋಷಕರು ಆ ದಿನ ಮೂರು ಗಂಟೆಗೆ ಬಂದು ಜೊತೆಗೂಡಿದರೆ ಬಹಳ ಉಪಕಾರವಾಗುತ್ತದೆ. ಹೆಸರು ಕೊಡಬಯಸುವವರು ಸಭೆ ಮುಗಿದ ಮೇಲೆ ಕಚೇರಿಯಲ್ಲಿ ಗುಮಾಸ್ತರನ್ನು ಕಾಣಬೇಕೆಂದು ಕೋರುತ್ತೇನೆ.